ನಾಲ್ಕು ಬಾಹುಗಳು ಸಾಲವು

ಮೂರು ಬಾಹುಗಳ ಅಳತೆ ಗೊತ್ತಿದ್ದರೆ ತ್ರಿಭುಜದ ವಿಸ್ತೀರ್ಣ ಒಂದೇ. ಚತುರ್ಭುಜ ಹಾಗಲ್ಲ. ಬಾಹುಗಳೆಲ್ಲ 25 ಮೊಳವಿದ್ದರೆ ಚೌಕದ ವಿಸ್ತೀರ್ಣ 625 ಚದರ ಮೊಳ. ಅದೇ ಚೌಕ ವಾಲಿ ಕರ್ಣಗಳು 14 ಮತ್ತು 48 ಮೊಳ ಆದರೆ ಬರೀ 336.

ನಾಲ್ಕು ಬಾಹುಗಳಿಂದಲೇ ವಿಸ್ತೀರ್ಣ ತೆಗೆಯುವ ಸೂತ್ರವನ್ನು ಬ್ರಹ್ಮಗುಪ್ತ 628ರಲ್ಲಿ ಕೊಟ್ಟ. ಮೂಲೆಗಳೆಲ್ಲ ಒಂದೇ ವೃತ್ತದ ಮೇಲಿದ್ದರೆ ಮಾತ್ರ ಅದು ನಿಖರ. ಈ ಷರತ್ತನ್ನು ಅವನು ಬಿಡಿಸಿ ಹೇಳಲಿಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯನೂ ‘ಗಣಿತಸಾರಸಂಗ್ರಹ’ದಲ್ಲಿ ಹೇಳಲಿಲ್ಲ. 1150ರ ‘ಲೀಲಾವತಿ’ಯಲ್ಲಿ ಎರಡನೆಯ ಭಾಸ್ಕರ ಗದರಿದ: ಕರ್ಣವನ್ನೋ ಲಂಬವನ್ನೋ ತಿಳಿಸದೆ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರಿಸುವವನು ಇನ್ನೂ ದೊಡ್ಡ ಪಿಶಾಚಿ!

ಒಂದು ಕರ್ಣ ಗೊತ್ತಾದರೆ ಚತುರ್ಭುಜ ಎರಡು ತ್ರಿಭುಜವಾಗಿ ಅಲುಗಾಟ ನಿಲ್ಲಿಸುತ್ತದೆ. ಸೂತ್ರ ಬಾಯಿಪಾಠ ಮಾಡಿಸುವ ಮುಂಚೆ, ಪ್ರಶ್ನೆ ಪೂರ್ತಿಯಾಗಿದೆಯೇ ಎಂದು ಕೇಳುವ ಈ ಧೈರ್ಯವನ್ನು ಮಕ್ಕಳಿಗೆ ಕಲಿಸಬೇಕೆಂದು ನನಗನ್ನಿಸುತ್ತದೆ.