ಒಳವೃತ್ತದ ಊಟ

ವೈಟ್‌ಫೀಲ್ಡಿಗೆ ಜನ ಒಂದು ಕಾಲದಲ್ಲಿ ಹವಾ ಸೇವನೆಗೆ ಹೋಗುತ್ತಿದ್ದರು ಎಂದರೆ, ದಿನಾ ಐಟಿಪಿಎಲ್ ಟೆಕ್ ಪಾರ್ಕಿನ ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವವರು ನಂಬುವುದು ಕಷ್ಟ. ಆದರೆ ಈ ಊರು ಹುಟ್ಟಿದ್ದೇ ಗಾಳಿ, ಮಣ್ಣು, ತೋಟದ ಆಸೆಗೆ.

ಸರ್ಕಾರಿ ನೌಕರಿಯನ್ನೇ ನೆಚ್ಚಿಕೊಂಡಿದ್ದ ಆಂಗ್ಲೋ ಇಂಡಿಯನ್ನರು ಉಳುಮೆಗೆ ಇಳಿಯಬೇಕು ಎಂಬುದು ಮದರಾಸಿನ ಡಿ. ಎಸ್. ವೈಟ್ ಅವರ ಹಟ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ವೈಟ್ ಅವರ ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ವೈಟ್ ಹೆಸರಿನಲ್ಲೇ ಊರೆದ್ದಿತು. ನಡುವೆ ದುಂಡನೆಯ ಬಯಲು, ಸುತ್ತ ಮಂಗಳೂರು ಹೆಂಚಿನ ಮನೆಗಳು. ಅದೇ ಇನ್ನರ್ ಸರ್ಕಲ್. ಆಚೆಗಿನ ಸುತ್ತು ಔಟರ್ ಸರ್ಕಲ್. ಎರಡು ಹೆಸರೂ ಇಂದಿಗೂ ಬಳಕೆಯಲ್ಲಿವೆ, ಅವುಗಳ ಹಿಂದಿನ ನಕ್ಷೆ ಮಾತ್ರ ಹೆಚ್ಚಿನವರಿಗೆ ಮರೆತಿದೆ.

ಅನುಕೂಲ ಮಾಡಿಕೊಟ್ಟದ್ದು ರೈಲು. 1864ರಲ್ಲೇ ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ಹಳಿ ಬಿದ್ದಿತ್ತು. ಕಾಡುಗೋಡಿಯ ಬಳಿ ಇಳಿದರೆ ಬಡಾವಣೆ ದೂರವಲ್ಲ. ಕಂಟೋನ್ಮೆಂಟಿನ ಬಿಳಿಯರು ಬಂದು ಹೋಗಲು, ತಂಗಲು ಜೇಮ್ಸ್ ಹ್ಯಾಮಿಲ್ಟನ್ ಇನ್ನರ್ ಸರ್ಕಲ್ಲಿನಲ್ಲಿ ವೇವರ್ಲಿ ಇನ್ ನಡೆಸುತ್ತಿದ್ದ. ಅವನ ಮಗಳು ರೋಸ್‌ಳನ್ನು ನೋಡಲು ವಿನ್‌ಸ್ಟನ್ ಚರ್ಚಿಲ್ ಬರುತ್ತಿದ್ದ ಎಂಬ ಕತೆ ಊರಿನ ಬಾಯಲ್ಲಿದೆ. 1896ರಲ್ಲಿ ನಾಲ್ಕನೆಯ ಹುಸಾರ್ಸ್ ಪಡೆಯೊಂದಿಗೆ ಅವನು ಬೆಂಗಳೂರಿಗೆ ಬಂದದ್ದು ನಿಜ. ಪ್ರೇಮಕ್ಕೆ ಮಾತ್ರ ಪುರಾವೆಯಿಲ್ಲ. ಪುರಾವೆ ಇರುವುದು ಬೆಂಗಳೂರು ಕ್ಲಬ್ಬಿನಲ್ಲಿ: ಅವನು ತೀರಿಸದೆ ಉಳಿಸಿದ 13 ರೂಪಾಯಿ ಬಾಕಿಯ ಲೆಕ್ಕ.

ಚರ್ಚಿಲ್ ಪ್ರಸಂಗ ಎಷ್ಟು ಜಾಗ ಹಿಡಿದಿದೆಯೆಂದರೆ ಇಲ್ಲಿನ ಅಡುಗೆಮನೆಗೆ ಉಳಿದದ್ದು ಕಡಿಮೆ. ಆಸಕ್ತಿಯ ಸಂಗತಿಯಿರುವುದು ಅಲ್ಲೇ. ಆಂಗ್ಲೋ ಇಂಡಿಯನ್ ಮನೆಯ ಹಬ್ಬದೂಟ ಬಾಲ್ ಕರಿ: ಕೈಮಾವನ್ನು ಶುಂಠಿ, ಹಸಿಮೆಣಸು, ಕೊತ್ತಂಬರಿ ಸೊಪ್ಪಿನೊಂದಿಗೆ ನಾದಿ, ನಿಂಬೆಗಾತ್ರದ ಉಂಡೆ ಕಟ್ಟಿ, ಕುದಿಯುವ ಮಸಾಲೆಗೆ ಒಂದೊಂದಾಗಿ ಬಿಡಬೇಕು. ಸೌಟು ಹಾಕಿ ತಿರುವಿದರೆ ಉಂಡೆ ಒಡೆಯುತ್ತದೆ. ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲುಗಿಸಬೇಕು. ಜೊತೆಗೆ ಅರಿಶಿನ ಹಾಕಿ ತೆಂಗಿನ ಹಾಲಿನಲ್ಲಿ ಬೆಂದ ಹಳದಿ ಅನ್ನ, ಹಸಿ ಈರುಳ್ಳಿ ಮತ್ತು ಒಣಮೆಣಸಿಗೆ ವಿನಿಗರ್, ಸಕ್ಕರೆ ಸೇರಿಸಿ ಅರೆದ ಡೆವಿಲ್ ಚಟ್ನಿ. ವಾರದ ದಿನಗಳಲ್ಲಿ ಅನ್ನಕ್ಕೆ ಪೆಪ್ಪರ್ ವಾಟರ್, ಅಂದರೆ ನಮ್ಮ ಮೆಣಸಿನ ಸಾರೇ. ಬ್ರಿಟಿಷರ ಮೆಸ್ಸುಗಳಲ್ಲಿ ಮೆರೆದ ಮಲ್ಲಿಗಟಾನಿ ಸೂಪಿನ ಹೆಸರೂ ತಮಿಳಿನ ‘ಮಿಳಗು ತಣ್ಣೀರ್’ನದೇ. ಸಾರು ಸೂಪಾಗಿ ಮೇಜಿಗೇರಿತು, ಅಷ್ಟೇ.

ಬೇಸಾಯ ವೈಟ್ ಎಣಿಸಿದಷ್ಟು ಕೈಹಿಡಿಯಲಿಲ್ಲ. 1947ರ ಬಳಿಕ ಅನೇಕ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡ್ ಸೇರಿದವು. ತೊಂಬತ್ತರ ದಶಕದಲ್ಲಿ ಟೆಕ್ ಪಾರ್ಕ್ ಬಂತು. ತೋಟಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಈಗ ಇಲ್ಲಿಯವರು ವಾರಾಂತ್ಯ ಬಂತೆಂದರೆ ನಂದಿಬೆಟ್ಟದ ಕಡೆ ಗಾಡಿ ತಿರುಗಿಸುತ್ತಾರೆ.

2023ರ ಮಾರ್ಚಿನಲ್ಲಿ ಮೆಟ್ರೊ ರೈಲು ಇಲ್ಲಿಗೆ ಮುಟ್ಟಿತು. ಕೊನೆಯ ನಿಲ್ದಾಣದ ಫಲಕದ ಮೇಲೆ ವೈಟ್‌ಫೀಲ್ಡ್, ಕಾಡುಗೋಡಿ ಎರಡೂ ಇವೆ. ಇಳಿದವರು ಇನ್ನರ್ ಸರ್ಕಲ್ಲಿಗೆ ಹೋಗಬೇಕಾದರೆ ಆಟೊದವನೊಡನೆ ಚೌಕಾಸಿಗೆ ನಿಲ್ಲುತ್ತಾರೆ.