ಕಲ್ಲಿನ ಪದ್ಯಕ್ಕೆ ಅರ್ಥ ಬರೆಯುವ ಮುನ್ನ

ಹಿಂದೆಂದೂ ಓದದ ಪದ್ಯವೊಂದನ್ನು ಕೊಟ್ಟು ಅದರ ಬಗ್ಗೆ ಬರೆಯಿರಿ ಎಂದರೆ ಹೆಚ್ಚಿನವರು ನೇರವಾಗಿ ಭಾವಾರ್ಥಕ್ಕೇ ಕೈಹಾಕುತ್ತಾರೆ. ಶಾಸನ ಓದುವವರಿಗೆ ಈ ಆತುರ ಸಲ್ಲದು. ಅವರ ಮುಂದಿರುವ ಪದ್ಯಕ್ಕೆ ಶೀರ್ಷಿಕೆಯಿಲ್ಲ, ಎಷ್ಟೋ ಸಲ ಕವಿಯ ಹೆಸರಿಲ್ಲ, ಅಲ್ಲಲ್ಲಿ ಅಕ್ಷರಗಳೂ ಇಲ್ಲ!

ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಇಂಥ ಶಾಸನಗಳ ಸೀಮೆ. ಬಾಗಳಿ, ಕುರುವತ್ತಿ, ಅಂಬಳಿ, ಕೋಗಳಿಗಳ ಹೆಸರು ಇತಿಹಾಸಾಸಕ್ತರಿಗೆ ಹೊಸತಲ್ಲ. 1953ರವರೆಗೆ ಈ ಪ್ರದೇಶ ಮದ್ರಾಸಿಗೆ ಸೇರಿದ್ದರಿಂದ ಇಲ್ಲಿನ ಹಲವು ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 9ನೇ ಸಂಪುಟದಲ್ಲಿ ಅಚ್ಚಾದವು. 1939ರಲ್ಲಿ ಹೊರಬಂದ ಅದರ ಮೊದಲ ಭಾಗದ ಸಂಪಾದಕರು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳೇ ಇವರು. ಸಂಪುಟದಲ್ಲಿರುವುದು ಮೂಲಪಾಠ ಮತ್ತು ಇಂಗ್ಲಿಷಿನಲ್ಲಿ ಚುಟುಕು ಟಿಪ್ಪಣಿ; ಪದ್ಯಗಳ ಅನುವಾದವಿಲ್ಲ. ಹೀಗಾಗಿ ತಮ್ಮೂರ ಗುಡಿಯ ಕಲ್ಲು ಏನು ಹೇಳುತ್ತದೆಂದು ತಿಳಿಯಬಯಸುವವರು ಇಂದಿಗೂ ಅಪರಿಚಿತ ಪದ್ಯದ ಮುಂದೆಯೇ ನಿಲ್ಲಬೇಕು.

ಮೊದಲ ಕೆಲಸ ಪದ್ಯ ಎಲ್ಲಿ ಆರಂಭವಾಗುತ್ತದೆಂದು ಹುಡುಕುವುದು. ಕಲ್ಲಿನಲ್ಲಿ ಗದ್ಯ, ಪದ್ಯ ಎರಡೂ ಒಂದೇ ಸಾಲಿನಲ್ಲಿ ಓಡುತ್ತವೆ. ಪದಗಳ ನಡುವೆ ತೆರವೂ ಇರುವುದಿಲ್ಲ. ಇಲ್ಲಿ ಛಂದಸ್ಸೇ ದಾರಿದೀಪ. ಕಂದವಾದರೆ ಪಾದಗಳಿಗೆ ಕ್ರಮವಾಗಿ 12, 20, 12, 20 ಮಾತ್ರೆಗಳು. ಉತ್ಪಲಮಾಲೆಯಾದರೆ ಪ್ರತಿ ಪಾದಕ್ಕೆ 20 ಅಕ್ಷರ, ಚಂಪಕಮಾಲೆಯಾದರೆ 21. ಶಾಲೆಯಲ್ಲಿ ಬೇಸರ ತರಿಸಿದ್ದ ಈ ಪ್ರಸ್ತಾರ ಇಲ್ಲಿ ಅನ್ನ ಹಾಕುತ್ತದೆ. ಎಣಿಕೆ ತಪ್ಪಿದರೆ ಒಂದೋ ಅಕ್ಷರ ಸವೆದಿದೆ, ಇಲ್ಲವೇ ಓದಿದವರು ಎಡವಿದ್ದಾರೆ.

ಪ್ರಾಸದ ಉಪಕಾರ ಇದಕ್ಕಿಂತ ದೊಡ್ಡದು. ಹಳಗನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೂರು ಪಾದಗಳಲ್ಲಿ ಅದು ಲಕಾರವಾಗಿದ್ದರೆ, ಚಕ್ಕೆ ಎದ್ದುಹೋದ ನಾಲ್ಕನೆಯದರಲ್ಲೂ ಲಕಾರವೇ. ಆದರೆ ಅದು 'ಲಿ'ಯೋ 'ಲು'ವೋ ಎಂಬುದನ್ನು ಪ್ರಾಸ ಹೇಳದು. ಅದನ್ನು ಅರ್ಥದಿಂದ ಊಹಿಸಬೇಕು, ಊಹೆ ಎಂದೇ ಬರೆಯಬೇಕು.

ಪದಚ್ಛೇದ, ಅನ್ವಯ ಮುಗಿದ ಮೇಲೂ ತಾತ್ಪರ್ಯಕ್ಕೆ ಮುನ್ನ ಒಂದು ಪ್ರಶ್ನೆ ಉಳಿದಿರುತ್ತದೆ: ಇದು ಯಾರ ದನಿ? ಒಡೆಯನನ್ನು ಸಮುದ್ರದ ಅಂಚಿನವರೆಗೆ ಗೆಲ್ಲಿಸುವುದು ಹೊಗಳುವ ಕವಿಗೆ ಸಹಜ. ಹಾಗೆಂದು ಆ ಪದ್ಯವನ್ನೇ ರಾಜ್ಯದ ಎಲ್ಲೆಗೆ ಸಾಕ್ಷಿಯಾಗಿಸಿದ ಸ್ಥಳಪುರಾಣಗಳು ಕಡಿಮೆಯಿಲ್ಲ. ದಾನದ ಭೂಮಿ ಎಷ್ಟು ಮತ್ತರು, ಅದರ ಎಲ್ಲೆ ಯಾವುದು, ನಂದಾದೀಪಕ್ಕೆ ಏನು ಬಿಟ್ಟರು ಎಂಬ ವಿವರ ಹೆಚ್ಚಾಗಿ ಮುಂದಿನ ಗದ್ಯದಲ್ಲಿರುತ್ತದೆ, ಅಲಂಕಾರವಿಲ್ಲದೆ. ಬರೆಯುವವರು ಇವೆರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು.

ಅಚ್ಚಾದ ಪಾಠದಲ್ಲಿ ಕೆಲವು ಅಕ್ಷರಗಳು ಚೌಕ ಕಂಸದೊಳಗೆ ಇರುತ್ತವೆ. ಅವು ಕಲ್ಲಿನಲ್ಲಿ ಸ್ಪಷ್ಟವಾಗಿ ಕಂಡವಲ್ಲ, ಸಂಪಾದಕರು ತುಂಬಿದವು. ನಕಲು ಮಾಡುವಾಗ ಮೊದಲು ಬಿಟ್ಟುಹೋಗುವುದು ಈ ಕಂಸಗಳೇ.