ಲೋಥಲ್‌ನ ಮನೆಗಳಿಗೆ ಮಾಡು ಹೊದಿಸುವುದು ಹೇಗೆ?

ಅಹಮದಾಬಾದಿನಿಂದ ಸುಮಾರು ೮೦ ಕಿಲೋಮೀಟರ್ ದೂರದ ಲೋಥಲ್‌ಗೆ ಕಳೆದ ಚಳಿಗಾಲದಲ್ಲಿ ನಾವು ಮಕ್ಕಳೊಡನೆ ಹೋಗಿದ್ದೆವು. ಇಟ್ಟಿಗೆಯ ಸಾಲುಗಳನ್ನು ಕಂಡ ಕಿರಿಯವಳು, "ಮನೆ ಎಲ್ಲಿ ಅಪ್ಪಾ? ಇವು ಬರೀ ಗೋಡೆಯ ಬುಡಗಳಲ್ಲವೇ?" ಎಂದಳು. ಪ್ರಶ್ನೆ ಸಣ್ಣದು, ಉತ್ತರ ಸುಲಭವಲ್ಲ.

ಲೋಥಲ್ ದಿಬ್ಬವನ್ನು ೧೯೫೪ರಲ್ಲಿ ಗುರುತಿಸಿ, ೧೯೫೫ರಿಂದ ಅಲ್ಲಿ ಉತ್ಖನನ ನಡೆಸಿದವರು ಕನ್ನಡಿಗರಾದ ಶಿಕಾರಿಪುರ ರಂಗನಾಥ ರಾವ್. ೧೯೨೨ರಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಬರೋಡಾ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ದುಡಿದು, ಅನಂತರ ಕೇಂದ್ರದ ಪುರಾತತ್ವ ಇಲಾಖೆಗೆ ಬಂದರು. ೨೦೧೩ರಲ್ಲಿ ತೀರಿಕೊಂಡರು. ನೌಕರಿಗಾಗಿ ಗುಜರಾತಿಗೆ ಬಂದ ನಮ್ಮಂಥವರ ಸಾಲಿನಲ್ಲಿ ಅವರದು ಹಿರಿಯ ಹೆಸರು.

ಅವರು ಅಗೆದು ತೆಗೆದದ್ದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹರಪ್ಪಾ ಕಾಲದ ಪಟ್ಟಣವನ್ನು. ನೆರೆಯ ಭಯದಿಂದ ಹಸಿ ಇಟ್ಟಿಗೆಯ ಎತ್ತರದ ಜಗಲಿಗಳನ್ನು ಕಟ್ಟಿ, ಅವುಗಳ ಮೇಲೆ ಸಾಲಾಗಿ ಮನೆಗಳನ್ನು ಎಬ್ಬಿಸಿದ್ದರು. ಗೋಡೆಗೆ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ. ನೀರು ಬೀಳುವ ಬಚ್ಚಲಿಗೂ ಚರಂಡಿಗೂ ಸುಟ್ಟ ಇಟ್ಟಿಗೆ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂಬುದನ್ನು ಬಲ್ಲ ಸಂಸಾರಸ್ಥರು! ಮಣಿ ಮಾಡುವವರ ಕಾರ್ಖಾನೆಗೆ ನಡುವೆ ಅಂಗಳ, ಸುತ್ತ ಕೋಣೆಗಳು. ಅದೇ ಅಕೀಕ್ ಕಲ್ಲಿನ ಕಸಬು ಖಂಭಾತ್‌ನಲ್ಲಿ ಇಂದಿಗೂ ನಡೆದಿದೆ.

ಆದರೆ ಮಾಡು ಹೇಗಿತ್ತು? ಕಿಟಕಿ ಎಷ್ಟು ಎತ್ತರದಲ್ಲಿತ್ತು? ಗೋಡೆಯ ಬುಡ ಅದನ್ನು ಹೇಳುವುದಿಲ್ಲ. ಈ ಪ್ರಶ್ನೆಗೆ ಈಗ ಅವಸರ ಬಂದಿದೆ. ಲೋಥಲ್‌ನಲ್ಲಿ ಏಳುತ್ತಿರುವ ರಾಷ್ಟ್ರೀಯ ಸಾಗರ ಪರಂಪರೆಯ ಸಂಕೀರ್ಣಕ್ಕೆ ೨೦೨೪ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದರ ಎರಡನೆಯ ಹಂತದಲ್ಲಿ ಹಳೆಯ ಲೋಥಲ್ ಪಟ್ಟಣವನ್ನೇ ಮರಳಿ ಕಟ್ಟಿ ತೋರಿಸುವ ಯೋಜನೆಯಿದೆ.

ಇಂಥ ಕೆಲಸ ಹೊರದೇಶಗಳಲ್ಲಿ ನಡೆದಿದೆ. ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ೧೯೮೭ರಲ್ಲಿ ತೆರೆದ ಬಯಲು ಉದ್ಯಾನದಲ್ಲಿ ಪ್ರಾಚೀನರ ದುಂಡು ಗುಡಿಸಲುಗಳನ್ನು ಹೊಸದಾಗಿ ಕಟ್ಟಿದ್ದಾರೆ. ಅಂಥ ಗುಡಿಸಲುಗಳಿಂದ ನೆಲದಲ್ಲಿ ಉಳಿಯುವುದು ಹೆಚ್ಚಾಗಿ ಕಂಬದ ಕುಳಿಗಳಷ್ಟೇ. ಇಂಗ್ಲೆಂಡಿನ ಬಟ್ಸರ್‌ನಲ್ಲಿ ೧೯೭೨ರಿಂದ ಪೀಟರ್ ರೆನಾಲ್ಡ್ಸ್ ಇಂಥ ಮನೆಗಳನ್ನು ಕಟ್ಟಿ ಪರೀಕ್ಷಿಸಿದರು. ಹೊಗೆ ಹೋಗಲು ಮಾಡಿನ ತುದಿಯಲ್ಲಿ ಕಿಂಡಿ ಇದ್ದಿರಬೇಕೆಂದು ಹಲವರು ಊಹಿಸಿದ್ದರು. ಕಿಂಡಿ ಬಿಟ್ಟರೆ ಗಾಳಿ ಸೆಳೆದು ಕಿಡಿ ಮೇಲೇರಿ ಹುಲ್ಲಿಗೆ ಬೆಂಕಿ ಹತ್ತೀತು. ಕಿಂಡಿಯಿಲ್ಲದಿದ್ದರೂ ಹೊಗೆ ಹುಲ್ಲಿನೊಳಗಿಂದಲೇ ಸೋಸಿ ಹೋಗುತ್ತದೆ ಎಂಬುದು ತಿಳಿದುಬಂತು. ಕಟ್ಟಿ ನೋಡಿದ್ದರಿಂದಲೇ ಊಹೆ ಬದಲಾಯಿತು.

ನಮ್ಮೂರಿನ ಹಳೆಯ ಮನೆ ಬಿದ್ದು ಇಪ್ಪತ್ತು ವರ್ಷವಾಯಿತು, ಜಗಲಿಯೊಂದು ಉಳಿದಿದೆ. ಅಡಿಗೆಮನೆಯ ಬಾಗಿಲು ಯಾವ ಕಡೆಗಿತ್ತೆಂದು ನಾವೂ ಅಣ್ಣನೂ ಇಂದಿಗೂ ವಾದಿಸುತ್ತೇವೆ. ಹುಟ್ಟಿ ಬೆಳೆದ ಮನೆಯ ಗತಿಯೇ ಹೀಗಾದರೆ ನಾಲ್ಕು ಸಾವಿರ ವರ್ಷದ ಮಾತೇನು?

ಆದ್ದರಿಂದ ಲೋಥಲ್‌ನ ಮನೆಗಳನ್ನು ಧಾರಾಳವಾಗಿ ಕಟ್ಟಲಿ. ಆದರೆ ಅಗೆದಾಗ ಸಿಕ್ಕಿದ್ದು ಎಲ್ಲಿಯವರೆಗೆ, ಊಹೆ ಎಲ್ಲಿಂದ ಎಂದು ಗೋಡೆಯ ಮೇಲೆ ಒಂದು ಗೆರೆ ಎಳೆಯಲಿ. ಹೊಸ ಪಟ್ಟಣ ಏಳುವ ಮುನ್ನ, ಅಹಮದಾಬಾದ್, ವಡೋದರಾ, ಸೂರತ್‌ಗಳ ನಮ್ಮ ಕುಟುಂಬಗಳು ಒಮ್ಮೆ ಹೋಗಿ ಆ ಬುಡಗಳನ್ನು ನೋಡಿ ಬರಲಿ. ರಾಯರು ನಮಗೆ ಬಿಟ್ಟುಹೋದದ್ದು ಅವನ್ನೇ.